ಕೆಮರಾದ ದಿಬ್ಬಣ

ಅರುವತ್ತು ತುಂಬಿದವನಿಗೆ ಹೊಸ ಚಟ ಹಿಡಿಯಬಾರದೆಂದು ಯಾವ ಶಾಸ್ತ್ರದಲ್ಲಿಯೂ ಬರೆದಂತಿಲ್ಲ. ಬರೆದಿದ್ದರೂ ನಾನು ಓದಿಲ್ಲ. ಮಂಗಳೂರಿನ ಬ್ಯಾಂಕೊಂದರಲ್ಲಿ 34 ವರ್ಷ ಪರರ ದುಡ್ಡು ಎಣಿಸಿ, ನಿವೃತ್ತನಾಗಿ, 2018ರ ಕೊನೆಯಲ್ಲಿ ಜಾಲ್ಸೂರಿನ ಮನೆಗೆ ಮರಳುವ ಮುನ್ನ ನನಗೆ ನಾನೇ ಒಂದು ಉಡುಗೊರೆ ಕೊಟ್ಟುಕೊಳ್ಳಬೇಕೆಂದು ತೋರಿತು. ಈ ವಯಸ್ಸಿನಲ್ಲಿ ಕೆಲವರು ಕಾಶಿಗೆ ಹೋಗುತ್ತಾರೆ. ಕೆಲವರು ಹಲ್ಲು ಕಟ್ಟಿಸಿಕೊಳ್ಳುತ್ತಾರೆ. ನಾನು ಕೆಮರಾ ಕೊಂಡೆ.

ಕೆಮರಾ ಎಂದರೆ ಮೊಬೈಲಿನ ಬೆನ್ನಿಗಂಟಿದ ಸಾಸಿವೆಕಾಳಿನಂಥ ಕಣ್ಣಲ್ಲ. ಮುಂದೆ ಗಾಜಿನ ದಪ್ಪ ಮೂತಿ, ಒಳಗೆ ಕನ್ನಡಿ, ಹಿಂದೆ ಕಣ್ಣಿಟ್ಟು ನೋಡುವ ಕಿಂಡಿ ಇರುವ, ಡಿ.ಎಸ್.ಎಲ್.ಆರ್. ಎಂದು ಕರೆಯಿಸಿಕೊಳ್ಳುವ ಜಾತಿಯದು. ನಿಕಾನ್, ಕ್ಯಾನನ್ ಎಂಬೆರಡು ದೊಡ್ಡ ಮನೆತನಗಳಲ್ಲಿ ಅದು ಯಾವುದಕ್ಕೆ ಸೇರಿದ್ದೆಂದು ಹೇಳಲಾರೆ. ಹೇಳಿದರೆ ಇನ್ನೊಂದರ ಅಭಿಮಾನಿಗಳು ಮುನಿದಾರು. ಅವರ ಜಗಳದ ಮುಂದೆ ನಮ್ಮ ತೆಂಕುತಿಟ್ಟು-ಬಡಗುತಿಟ್ಟುಗಳ ವಾದ ಏನೂ ಅಲ್ಲ.

ಪೆಟ್ಟಿಗೆಯೊಳಗೆ ಕೆಮರಾದೊಡನೆ 18ರಿಂದ 55 ಮಿಲಿಮೀಟರಿನ ಲೆನ್ಸೊಂದು, ಬ್ಯಾಟರಿ, ಚಾರ್ಜರು, ಕೊರಳಿಗೆ ಹಾಕುವ ಪಟ್ಟಿ ಇದ್ದುವು. ಇಷ್ಟರಲ್ಲಿ ಕೆಲಸ ಮುಗಿಯಿತೆಂದು ನಾನು ಎದ್ದೆ. ಅಂಗಡಿಯ ತರುಣ ಬಹಳ ವಿನಯವಂತ. "ಕಾರ್ಡು ಬೇಡವೇ ಸಾರ್?" ಎಂದ. ಪಟ ಹೋಗಿ ಕೂರುವುದೇ ಕಾರ್ಡಿನಲ್ಲಿ, ಅದಿಲ್ಲದೆ ಆಗದು. ಕೊಂಡೆ. "ಲೆನ್ಸಿನ ಮೇಲೆ ಗೀರು ಬಿದ್ದರೆ?" ಎಂದ. ಅದರ ಮುಂದಕ್ಕೆ ಯು.ವಿ. ಫಿಲ್ಟರೆಂಬ ಗಾಜಿನ ಬಿಲ್ಲೆ ಬಂತು. ಬಿಸಿಲು ನೇರವಾಗಿ ಬಡಿಯದಂತೆ ಮೂತಿಗೆ ಹುಡ್ಡು ಬಂತು. ಧೂಳು ಊದಲು ರಬ್ಬರಿನ ಬುರುಡೆ, ಒರಸಲು ಬಟ್ಟೆ, ಇನ್ನೊಂದು ಬ್ಯಾಟರಿ, ಇವನ್ನೆಲ್ಲ ಹೊರಲು ಹತ್ತು ಹೊಟ್ಟೆಗಳ ಚೀಲ, ಕಡೆಗೆ ಮೂರು ಕಾಲಿನ ಟ್ರೈಪಾಡು. ಮದುಮಗಳಿಗಿಂತ ದಿಬ್ಬಣವೇ ದೊಡ್ಡದಾಯಿತು. ಇವುಗಳಲ್ಲಿ ಯಾವುದು ನಿಜವಾಗಿ ಬೇಕಾದದ್ದು, ಯಾವುದು ಊಟಕ್ಕೆ ಬಂದದ್ದು ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಎಲ್ಲ ಸೇರಿ 42 ಸಾವಿರ ರೂಪಾಯಿ.

ನಮ್ಮ ಊರು ಸುಳ್ಯದಿಂದ ಪುತ್ತೂರಿನ ಕಡೆಗೆ ಬರುವ ಹೆದ್ದಾರಿಯ ಮೇಲಿದೆ. ಕಾಸರಗೋಡಿಗೆ ಹೋಗುವ ರಸ್ತೆ ಅಗಲುವುದು ಇಲ್ಲಿಯೇ. ಬಸ್ಸಿಳಿದು ಚೀಲ, ಟ್ರೈಪಾಡು ಹೊತ್ತು ಮನೆಯ ಅಂಗಳಕ್ಕೆ ಕಾಲಿಟ್ಟಾಗ ಅಣ್ಣ ಚಾವಡಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದ.

"ಎಂತದು ಅದು? ಭೂಮಿ ಅಳೆಯುವವರ ಹಾಗೆ ಬಂದದ್ದು?"

"ಕೆಮರಾ, ಅಣ್ಣ."

"ಎಷ್ಟು ಕೊಟ್ಟೆ?"

ಹೇಳಿದೆ. ಅಣ್ಣನಿಗೆ ಸಿಟ್ಟು ಬರುವುದು ಕಡಮೆ. ಅವನು ಪ್ರಪಂಚದ ಸಕಲ ಬೆಲೆಗಳನ್ನೂ ಮೊದಲು ಅಡಿಕೆಗೆ ಪರಿವರ್ತಿಸಿಕೊಂಡು ಅನಂತರ ವಿಚಾರ ಮಾಡುವವನು. ಸ್ವಲ್ಪ ಹೊತ್ತು ಮಾಡನ್ನು ನೋಡಿ, "ಒಂದು ಮುಕ್ಕಾಲು ಕ್ವಿಂಟಾಲು ಚಾಲಿ" ಎಂದು ಮತ್ತೆ ಸುಲಿಯತೊಡಗಿದ. ಅತ್ತಿಗೆ ಮಾತ್ರ ಒಳಗಿನಿಂದ ಬಂದು, "ಪಟ ತೆಗೆಯುವುದಾದರೆ ನಾಳೆ ತೆಗಿ, ಇವತ್ತು ಸೀರೆ ಸರಿ ಇಲ್ಲ" ಎಂದರು.

ಈ ಯಂತ್ರದ ಹೊಟ್ಟೆಯೊಳಗಿನ ವ್ಯವಹಾರ ಸೊಗಸಾದದ್ದು. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಲೆನ್ಸಿನಿಂದ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೆ ಪುಟಿದು, ಅಲ್ಲಿಯೂ ಪ್ರತಿಫಲಿಸಿ, ತಲೆಕೆಳಗಾದದ್ದು ನೆಟ್ಟಗಾಗಿ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಟಪ್ಪೆಂದು ಮೇಲೆ ಹಾರುತ್ತದೆ. ಹಿಂದಿನ ಪರದೆ ಸರಿದು ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಕನ್ನಡಿ ಮೇಲಿರುವಷ್ಟು ಹೊತ್ತು ಕಿಂಡಿಯಲ್ಲಿ ಕತ್ತಲೆ. ಎಂದರೆ, ಪಟದಲ್ಲಿ ಸೆರೆಯಾಗುವ ಕ್ಷಣ ಯಾವುದೋ ಆ ಒಂದು ಕ್ಷಣವನ್ನು ಮಾತ್ರ ಪಟ ತೆಗೆಯುವವನು ನೋಡಿರುವುದಿಲ್ಲ! ಅಮೆರಿಕದ ಕೊಡಾಕ್ ಕಂಪೆನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು 1975ರಲ್ಲಿ ಫಿಲ್ಮಿಲ್ಲದ ಕೆಮರಾ ಕಟ್ಟಿದಾಗ, ಒಂದು ಪಟ ಕ್ಯಾಸೆಟ್ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡು ಬೇಕಾಗಿತ್ತಂತೆ. ಆ ಪಟದಲ್ಲಿದ್ದ ಚುಕ್ಕಿಗಳು 10 ಸಾವಿರ. ನನ್ನದರಲ್ಲಿ 2 ಕೋಟಿ 40 ಲಕ್ಷ. ಇಷ್ಟು ಚುಕ್ಕಿಗಳಿದ್ದೂ ನಾನು ತೆಗೆದ ಮೊದಲ ಪಟದಲ್ಲಿ ಅತ್ತಿಗೆಗೆ ಮೂಗಿರಲಿಲ್ಲ.

ಮುಂದಿನ ಕೆಲವು ತಿಂಗಳ ಕಥೆಯನ್ನು ಚಿಕ್ಕದು ಮಾಡುತ್ತೇನೆ. ತೋಡಿನ ಬದಿಯ ಮೀಂಚುಳ್ಳಿಯ ಪಟದಲ್ಲಿ ಮೀಂಚುಳ್ಳಿ ಕುಳಿತಿದ್ದ ಕೊಂಬೆ ಸ್ಪಷ್ಟವಾಗಿ ಬಂದಿತ್ತು, ಹಕ್ಕಿ ಹೋಗಿತ್ತು. ತಲೆಯೆತ್ತಿ ಅಗಲ ಕೋನದಲ್ಲಿ ತೆಗೆದ ಅಡಿಕೆ ಮರಗಳೆಲ್ಲ ತುದಿಯಲ್ಲಿ ಒಂದರ ಮೇಲೊಂದು ಒರಗಿ ಗುಟ್ಟು ಮಾತನಾಡುವಂತೆ ಕಂಡವು. ಅಪರ್ಚರೆಂಬ ಕಂಡಿಯ ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದಾಗುವ ಲೆಕ್ಕ, ಅದು ಭಿನ್ನರಾಶಿಯ ಛೇದವೆಂದು ತಿಳಿಯುವ ತನಕ, ಬ್ಯಾಂಕಿನವನಾದ ನನಗೂ ಹಿಡಿಯಲಿಲ್ಲ. ಸುಳ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗ ನನ್ನ ಗುರುವಾದ. "ಚಿಕ್ಕಪ್ಪ, ಸದ್ಯಕ್ಕೆ ಆಟೋದಲ್ಲಿ ಇಡಿ. ಅದೇ ಎಲ್ಲ ನೋಡ್ಕೊಳ್ತದೆ" ಎಂದ. ಮೇಲಿನ ಚಕ್ರದಲ್ಲಿ ಹಲವು ಗುರುತುಗಳಿವೆ: ಮುಖಕ್ಕೊಂದು, ಹೂವಿಗೊಂದು, ಓಡುವ ಮನುಷ್ಯನಿಗೊಂದು, ಬೆಟ್ಟದ ಚಿತ್ರದ್ದೊಂದು. ಬೆಟ್ಟವಿದ್ದರೆ ಪ್ರಕೃತಿ ದೃಶ್ಯಕ್ಕೆಂದು ಅರ್ಥ. ನಾವಿರುವುದೇ ಪಯಸ್ವಿನಿಯ ಕಣಿವೆ; ಸುತ್ತ ಎಲ್ಲಿ ನೋಡಿದರೂ ಪ್ರಕೃತಿ ದೃಶ್ಯವೇ. ಚಕ್ರವನ್ನು ಬೆಟ್ಟಕ್ಕೆ ತಿರುಗಿಸಿ ಬಿಟ್ಟುಬಿಟ್ಟೆ.

ಜೂನಿನಲ್ಲಿ ಮಳೆ ಹಿಡಿಯಿತು. ವರ್ಷಕ್ಕೆ 3 ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಊರಿನಲ್ಲಿ ಚಪ್ಪಲಿಗೂ ಬೂಸಲು, ಪಂಚಾಂಗಕ್ಕೂ ಬೂಸಲು. ಲೆನ್ಸಿನ ಗಾಜಿಗೂ ಬರುತ್ತದೆ, ಒಮ್ಮೆ ಒಳಗೆ ಜೇಡನ ಬಲೆಯಂತೆ ಹಬ್ಬಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ ಎಂದು ಕೇಳಿ ನನ್ನ ಎದೆ ಧಸಕ್ಕೆಂದಿತು. ಹತ್ತು ಹೊಟ್ಟೆಗಳ ಆ ಬೆಲೆಬಾಳುವ ಚೀಲವೇ ತೇವ ಹೀರಿ ಬೂಸಲಿನ ತವರುಮನೆಯಾಗುತ್ತದೆಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಅತ್ತಿಗೆಯ ಸಲಹೆ, ಕೆಮರಾವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಪುನರ್ಪುಳಿ ಸಿಪ್ಪೆಯ ಪಕ್ಕದಲ್ಲಿ ಇಡಬಹುದೆಂದು. ಹಲವು ತಲೆಮಾರು ಪರೀಕ್ಷಿಸಿದ ಪದ್ಧತಿಯೇನೋ ಹೌದು. ಆದರೆ ಹೊಗೆಗೆ ಹೆದರಿದೆ. ಕೊನೆಗೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು, ಅದರೊಳಗೆ ಸಿಲಿಕಾ ಜೆಲ್ಲಿನ ನೀಲಿ ಮಣಿಗಳ ಪೊಟ್ಟಣವಿಟ್ಟೆ. ಮಣಿ ತೇವ ಹೀರಿ ನಸುಗೆಂಪಾದರೆ ಬಿಸಿ ಮಾಡಬೇಕು, ಮತ್ತೆ ನೀಲಿಯಾಗುತ್ತದೆ. ಅಡಿಗೆಗೆ ಬೇಡವಾದ ಹಳೆಯ ಬಾಣಲೆಯಲ್ಲಿ, ಆಟಿಯ ಮಳೆ ಸುರಿಯುವ ಮಧ್ಯಾಹ್ನಗಳಲ್ಲಿ, ಅತ್ತಿಗೆ ಅದನ್ನು ಹುರಿದುಕೊಡುತ್ತಿದ್ದರು. ದಿಬ್ಬಣದಲ್ಲಿ ಬಂದ ಅಷ್ಟೂ ಮಂದಿಗಿಂತ ಈ ಡಬ್ಬಿ ಹೆಚ್ಚು ಸೇವೆ ಮಾಡಿದೆ.

ಆ ಮಳೆಗಾಲದಲ್ಲಿಯೇ ಇನ್ನೊಂದು ಮಾತು ಮನೆಯೊಳಗೆ ಬಂತು. ಕೊಳೆರೋಗಕ್ಕೆ ಮದ್ದು ಬಿಡಲು ಮರ ಹತ್ತಿದವನು ಇಳಿದು ಬಂದು, ಕೆಳಗಿನ ತೋಟದಲ್ಲಿ ನಾಲ್ಕಾರು ಮರದ ಮಂಡೆ ಹಳದಿಯಾಗಿದೆ ಎಂದ.

ನಮ್ಮ ಕಡೆಯಲ್ಲಿ ಹಳದಿ ಎಂಬ ಶಬ್ದವನ್ನು ತೋಟದಲ್ಲಿ ನಿಂತು ಗಟ್ಟಿಯಾಗಿ ಹೇಳುವುದಿಲ್ಲ. ಹಳದಿ ಎಲೆ ರೋಗ 1914ರಲ್ಲಿ ಕೇರಳದಲ್ಲಿ ಮೊದಲು ಕಂಡದ್ದು. ಸುಳ್ಯ ತಾಲೂಕಿನಲ್ಲಿ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಅದು ಮಾಡಿದ ಗತಿಯನ್ನು ನಾವು ಮದುವೆ, ಉಪನಯನಗಳಿಗೆ ಹೋದಾಗ ಕಣ್ಣಾರೆ ಕಂಡಿದ್ದೆವು. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅದರ ಮೂಲ; ಒಂದು ಜಾತಿಯ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಮದ್ದಿಲ್ಲ. ಮರ ಒಮ್ಮೆಗೇ ಸಾಯುವುದೂ ಇಲ್ಲ. ಮಂಡೆ ಸಣ್ಣದಾಗುತ್ತ, ಫಸಲು ಕಡಮೆಯಾಗುತ್ತ, ಇದ್ದ ಅಡಿಕೆಯ ತಿರುಳು ಕಪ್ಪಾಗಿ ಮೆತ್ತಗಾಗುತ್ತ, ವರ್ಷಗಟ್ಟಲೆ ಎಳೆಯುತ್ತದೆ.

ಅಣ್ಣ ಒಪ್ಪಲಿಲ್ಲ. "ಕಣಿಯಲ್ಲಿ ನೀರು ನಿಂತದ್ದಕ್ಕೆ ಹಾಗೆ" ಎಂದ. ಮಳೆ ನಿಂತ ಮೇಲೆ, "ಬಿಸಿಲಿಗೆ ಹಾಗೆ ಕಾಣ್ತದೆ" ಎಂದ. ಗೊಬ್ಬರ ಸಾಲದೆ ಇರಬಹುದು ಎಂದ. ಇವುಗಳಲ್ಲಿ ಒಂದೊಂದೂ ಎಲೆ ಹಳದಿಯಾಗಲು ನಿಜವಾದ ಕಾರಣವೇ. ಆದುದರಿಂದ ವಾದಿಸಲು ನನಗೆ ಬಾಯಿರಲಿಲ್ಲ. ಅಲ್ಲದೆ 34 ವರ್ಷ ಊರಿನಲ್ಲಿಲ್ಲದವನು ತೋಟದ ವಿಷಯ ಅವನಿಗೆ ಹೇಳುವುದೆಂದರೇನು? ನಾನು ಮಾಡಿದ್ದಿಷ್ಟೆ: ಸೆಪ್ಟೆಂಬರಿನ ಒಂದು ಬೆಳಗ್ಗೆ ಕೆಳಗಿನ ತೋಟದ ಮೇಲಣ ಕಲ್ಲಿನ ಮೇಲೆ ಟ್ರೈಪಾಡು ಊರಿ, ಇಡೀ ತೋಟದ ಪಟ ತೆಗೆದೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಂಬಿಕೆಯಾಗಲಿಲ್ಲ. ಮಂಜು, ಎಳೆಬಿಸಿಲು, ಗಿಳಿಯ ರೆಕ್ಕೆಯಂಥ ಹಸುರು. ಪುತ್ತೂರಿನಲ್ಲಿ ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ ಅಣ್ಣನಿಗೆ ಕೊಟ್ಟೆ.

ಅಣ್ಣ ಅದನ್ನು ಚಾವಡಿಯ ಗೋಡೆಗೆ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿದ. "ತಮ್ಮ ತೆಗೆದದ್ದು. ಕೆಮರಾ ಸುಳ್ಳು ಹೇಳ್ತದಾ? ನೋಡಿ, ಎಲ್ಲಿ ಉಂಟು ಹಳದಿ?" ಒಂದು ಮುಕ್ಕಾಲು ಕ್ವಿಂಟಾಲಿನ ಮಾತು ಮತ್ತೆ ಬರಲಿಲ್ಲ. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ನವರಾತ್ರಿಯ ರಜೆಗೆ ಬಂದ ಹುಡುಗ ಆ ಪಟದ ಮುಂದೆ ಸುಮಾರು ಹೊತ್ತು ನಿಂತ. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದು ಮೆಲ್ಲನೆ ಕೇಳಿದ: "ಚಿಕ್ಕಪ್ಪ, ಇದು ಬೆಟ್ಟದ ಗುರುತಿನಲ್ಲಿಟ್ಟು ತೆಗೆದದ್ದಲ್ವಾ?"

"ಹೌದು. ಏಕೆ?"

"ಅದರಲ್ಲಿ ಹಸುರು ಇದ್ದದ್ದಕ್ಕಿಂತ ಹೆಚ್ಚು ಹಸುರಾಗ್ತದೆ. ನೋಡ್ಲಿಕ್ಕೆ ಚಂದ ಆಗ್ಲಿ ಅಂತ ಹಾಗೆ ಮಾಡಿಟ್ಟದ್ದು."

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸೆನ್ಸರಿಗೆ ಬಣ್ಣ ಗೊತ್ತಿಲ್ಲ. ಬೆಳಕಿನ ಹೆಚ್ಚುಕಡಮೆ ಮಾತ್ರ ಗೊತ್ತು. ಆದ್ದರಿಂದ ಅದರ ಒಂದೊಂದು ಕಣದ ಮೇಲೂ ಬಣ್ಣದ ಸೋಸುಗಾಜನ್ನು ಹೊದೆಸಿರುತ್ತಾರೆ. ನಾಲ್ಕು ಕಣಗಳಲ್ಲಿ ಒಂದು ಕೆಂಪು, ಒಂದು ನೀಲಿ, ಎರಡು ಹಸುರು. ಕೊಡಾಕಿನ ಬ್ರೈಸ್ ಬೇಯರ್ ಎಂಬವರು 1976ರಲ್ಲಿ ಪೇಟೆಂಟು ಪಡೆದ ಏರ್ಪಾಡು ಇದು. ಮನುಷ್ಯನ ಕಣ್ಣು ಹಸುರಿಗೆ ಹೆಚ್ಚು ಸೂಕ್ಷ್ಮವಾದುದರಿಂದ ಹಸುರಿಗೆ ಎರಡು ಪಾಲು. ಅನಂತರ ಈ ಲೆಕ್ಕವನ್ನೆಲ್ಲ ಕೂಡಿಸಿ ಬಣ್ಣವನ್ನು ಕಟ್ಟುವುದು ಒಳಗಿನ ಗಣಕದ ಕೆಲಸ. ಅಲ್ಲಿ ವೈಟ್ ಬ್ಯಾಲೆನ್ಸ್ ಎಂಬ ಒಂದು ತಕ್ಕಡಿ ಇದೆ. ಬಲ್ಬಿನ ಕೆಳಗೆ ಬಿಳಿಯ ಬಟ್ಟೆ ಹಳದಿಯಾಗಿ ಕಾಣಬಾರದು, ನೆರಳಿನಲ್ಲಿ ನೀಲಿಯಾಗಿ ಕಾಣಬಾರದು ಎಂದು ಅದು ಬಣ್ಣಗಳನ್ನು ತೂಗಿ ಸರಿಮಾಡುತ್ತದೆ. ಆಟೋದಲ್ಲಿಟ್ಟರೆ ಊಹೆಯ ಮೇಲೆ ತೂಗುತ್ತದೆ. ಎದುರಿಗೆಲ್ಲ ಹಳದಿಯೇ ತುಂಬಿದ್ದರೆ, ಬೆಳಕೇ ಹಳದಿ ಇರಬೇಕೆಂದು ಭಾವಿಸಿ ಹಳದಿಯನ್ನು ಅಷ್ಟು ಕಳೆದುಬಿಡುತ್ತದೆ!

ಬ್ಯಾಲೆನ್ಸ್ ಎಂದರೆ ನನಗೆ ಲೆಡ್ಜರು. ಲೆಕ್ಕ ತಾಳೆಯಾಗದಿದ್ದಾಗ ಎಲ್ಲಿಯೋ ಒಂದು ಅಂಕಿಯನ್ನು ತಿದ್ದಿ ತಾಳೆ ಮಾಡುವುದಕ್ಕೆ ನಮ್ಮ ವೃತ್ತಿಯಲ್ಲಿ ಬೇರೆ ಹೆಸರಿದೆ. ನಾನು ಅಣ್ಣನಿಗೆ ಕೊಟ್ಟದ್ದು ಅಂಥ ಲೆಕ್ಕ. ಅದಕ್ಕೆ ಕಟ್ಟು ಬೇರೆ ಹಾಕಿಸಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಂತ್ರವನ್ನು ಬೈದು ಪ್ರಯೋಜನವೇನು? ನಮ್ಮ ಕಣ್ಣೂ ಇದೇ ಕೆಲಸ ಮಾಡುತ್ತದಲ್ಲ! ದಿನವೂ ನೋಡುವ ಮುಖ ಬಿಳಿಚಿಕೊಳ್ಳುವುದು ಮನೆಯವರಿಗೆ ತಿಳಿಯುವುದಿಲ್ಲ, ಆರು ತಿಂಗಳಿಗೊಮ್ಮೆ ಬರುವ ನೆಂಟರು "ಏನಾಯಿತು ನಿಮಗೆ?" ಎನ್ನುತ್ತಾರೆ. ಅಣ್ಣ ನಲುವತ್ತೈದು ವರ್ಷಗಳಿಂದ ದಿನವೂ ಆ ತೋಟವನ್ನು ನೋಡುತ್ತಿದ್ದ.

ಮಂಗಳೂರಿಗೆ ಹೋಗಿ 70ರಿಂದ 300 ಮಿಲಿಮೀಟರಿನ ಉದ್ದ ಲೆನ್ಸು ತಂದೆ. ಮರದ ಮಂಡೆ ನಲುವತ್ತು ಐವತ್ತು ಅಡಿ ಮೇಲಿದೆ. ಹತ್ತಿ ನೋಡುವ ಪ್ರಾಯ ಅಣ್ಣನದೂ ಅಲ್ಲ, ನನ್ನದೂ ಅಲ್ಲ. ಬಣ್ಣದ ತಕ್ಕಡಿಯನ್ನು ಸರಿಮಾಡಲು ಬೇಕಾದ ಉಪಕರಣ ಮಾತ್ರ ಮನೆಯಲ್ಲಿಯೇ ಇತ್ತು: ಒಂದು ಹಾಳೆ ಬಿಳಿಯ ಕಾಗದ. ಪಟ ತೆಗೆಯುವ ಜಾಗದ ಬೆಳಕಿನಲ್ಲಿಯೇ ಅದನ್ನು ಹಿಡಿದು, ಚೌಕಟ್ಟು ತುಂಬ ಅದನ್ನೇ ತೆಗೆದು, "ಇದು ಬಿಳಿ" ಎಂದು ಕೆಮರಾಕ್ಕೆ ಹೇಳಿಕೊಡಬೇಕು. ಮತ್ತೆ ಅದು ಊಹಿಸುವುದಿಲ್ಲ. ಬೂದು ಬಣ್ಣದ ಕಾರ್ಡು ಇದಕ್ಕೆ ಇನ್ನೂ ಉತ್ತಮವಂತೆ. ನಮಗೆ ಹುಡುಗನ ಕಾಲೇಜಿನ ಅಸೈನ್‌ಮೆಂಟ್ ಹಾಳೆ ಸಾಕಾಯಿತು.

ನವೆಂಬರಿನ ಒಂದು ಮೋಡದ ಬೆಳಗ್ಗೆ ಅಣ್ಣನನ್ನು ಕರೆದೆ. ಮೋಡದ ದಿನವನ್ನೇ ಕಾದದ್ದು, ಬಿಸಿಲಿನ ಮೇಲೆ ತಪ್ಪು ಹಾಕಲು ಅವನಿಗೆ ಎಡೆಯಿರಬಾರದೆಂದು.

"ಎಂತ ಉಂಟು?"

"ಒಂದು ಪಟ ತೆಗೆಯುವುದಕ್ಕುಂಟು. ಕಾಗದ ಹಿಡಿಯಲು ಒಬ್ಬರು ಬೇಕು."

ಅಣ್ಣ ಮೊದಲು ಹೆಗಲ ಮೇಲಿನ ಬೈರಾಸನ್ನು ಹಿಡಿದು, "ಇದೇ ಬಿಳಿ ಉಂಟಲ್ಲ" ಎಂದ. ಅದು ಬಿಳಿಯಾಗಿದ್ದದ್ದು ಯಾವ ಕಾಲದಲ್ಲೋ. ಅಡಿಕೆಯ ಚೊಗರು ಅದರ ಮೇಲೆ ಭೂಪಟ ಬರೆದಿತ್ತು. ಕಾಗದ ಕೊಟ್ಟೆ. ಕಲ್ಲಿನ ಬಳಿ ನಿಂತು ಎರಡು ಕೈಗಳಲ್ಲಿ ಎದೆಯ ಮುಂದೆ ಹಿಡಿದ, ಶಾಲೆಯ ಮಕ್ಕಳು ಸ್ಲೇಟು ಹಿಡಿಯುವಂತೆ. ಅದನ್ನು ತೆಗೆದುಕೊಂಡು, ಚಕ್ರವನ್ನು ಬೆಟ್ಟದಿಂದ ತಿರುಗಿಸಿ, ಉದ್ದ ಲೆನ್ಸು ಹಾಕಿ ಮೂರನೆಯ ಸಾಲಿನ ಮರಗಳನ್ನು ಒಂದೊಂದಾಗಿ ತೆಗೆದೆ. ಕೆಮರಾದ ಬೆನ್ನಿನ ಪರದೆಯಲ್ಲಿ ಅವನ್ನು ಹಿಗ್ಗಿಸಿ ಅವನ ಮುಂದೆ ಹಿಡಿದೆ. ನಾನು ಏನನ್ನೂ ಹೇಳಲಿಲ್ಲ.

ಹೊರಸುತ್ತಿನ ಸೋಗೆಗಳಲ್ಲಿ ಎಲೆಯ ತುದಿ ಹಳದಿ. ತುದಿಯಿಂದ ಒಳಗೆ ಹಳದಿ ಇಳಿದಿದೆ. ನಡುನರದ ಎರಡು ಬದಿಯಲ್ಲಿ ಮಾತ್ರ ಹಸುರು ಪಟ್ಟಿ ಉಳಿದಿದೆ, ಗೆರೆ ಕೊಯ್ದಂತೆ. ನೀರು ನಿಂತದ್ದಕ್ಕೋ ಗೊಬ್ಬರ ಸಾಲದ್ದಕ್ಕೋ ಬರುವ ಹಳದಿ ಹಾಗಿರುವುದಿಲ್ಲವೆಂದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಅಣ್ಣ ಕನ್ನಡಕ ತೆಗೆದು ಬೈರಾಸಿನಿಂದ ಒರಸಿ ಮತ್ತೆ ಹಾಕಿ ನೋಡಿದ. "ಇದು ಅಪ್ಪ ಇಟ್ಟ ಸಾಲು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನದನ್ನು ತೋರಿಸು" ಎಂದ.

ಆ ಚೌಕಟ್ಟಿನೊಳಗಿದ್ದ 60 ಮರಗಳಲ್ಲಿ 7 ಮರಗಳನ್ನು ಅವನು ಗುರುತು ಹಾಕಿದ. ಮುಂದಿನ ವಾರ ಅವುಗಳ ಸೋಗೆ, ಕಾಯಿ, ಜೊತೆಗೆ ನನ್ನ ಪಟಗಳು, ಎಲ್ಲವನ್ನೂ ತೆಗೆದುಕೊಂಡು ವಿಟ್ಲಕ್ಕೆ ಹೋದೆವು. ಅಲ್ಲಿಯ ಅಡಿಕೆ ಸಂಶೋಧನ ಕೇಂದ್ರ 1956ರಿಂದ ಇರುವುದು; ಅಪ್ಪನೂ ಸಸಿಯ ವಿಷಯ ಕೇಳಲು ಹೋಗುತ್ತಿದ್ದದ್ದುಂಟು. ಸಿಕ್ಕಿದ ಉತ್ತರ ನಾವು ಒಯ್ದಿದ್ದ ಉತ್ತರವೇ. ಬಸ್ಸಿನಲ್ಲಿ ಬರುವಾಗ ಅಣ್ಣ ಕಿಟಕಿಯ ಹೊರಗೆ ತೋಟಗಳನ್ನು ನೋಡುತ್ತಿದ್ದ. ಕಬಕ ದಾಟಿದ ಮೇಲೆ, "ಆ ಏಳನ್ನು ಕಡಿಸುವ. ಮಿಕ್ಕದ್ದರ ನಡುವೆ ಜಾಯಿಕಾಯಿ ಇಡುವ, ಕಾಫಿ ಇಡುವ. ಕೋಕೊ ಹೇಗೂ ಉಂಟಲ್ಲ" ಎಂದ. ಮನೆಗೆ ಬಂದೊಡನೆ ಅವನು ಮಾಡಿದ ಮೊದಲ ಕೆಲಸ ಚಾವಡಿಯ ಗೋಡೆಯಿಂದ ನನ್ನ ಪಟವನ್ನು ಇಳಿಸಿದ್ದು. ಎಸೆಯಲಿಲ್ಲ; ಕೋಣೆಯಲ್ಲಿ, ತನ್ನ ಮಂಚದ ತಲೆಯ ಕಡೆ ಹಾಕಿಕೊಂಡ. ಏಕೆಂದು ನಾನು ಕೇಳಲಿಲ್ಲ.

ಕೆಮರಾದ ಪ್ರಪಂಚ ಈಗ ಮುಂದೆ ಹೋಗಿದೆ. ಹೊಸ ಕೆಮರಾಗಳಲ್ಲಿ ಕನ್ನಡಿಯೇ ಇಲ್ಲವಂತೆ. ಪಟ ಹೇಗೆ ಬರುವುದೋ ಹಾಗೆಯೇ ಕಿಂಡಿಯಲ್ಲಿ ಮೊದಲೇ ಕಾಣುತ್ತದಂತೆ. ದೊಡ್ಡ ಕಂಪೆನಿಗಳು ಅತ್ತ ಕಡೆಗೇ ತಿರುಗಿವೆ. ನನ್ನದು ಹಳೆಯ ಕಾಲದ್ದಾಯಿತು, ಮಾರಿದರೆ ಏನೂ ಸಿಕ್ಕದು ಎನ್ನುತ್ತಾನೆ ಹುಡುಗ. ಈಗ ಅವನಿಗೆ ಬೆಂಗಳೂರಿನಲ್ಲಿ ಕೆಲಸ. ಯು.ವಿ. ಫಿಲ್ಟರು ಬಿದ್ದು ಒಡೆಯಿತು; ಚೀಲದಲ್ಲಿ ಅತ್ತಿಗೆ ಹರಿವೆ ಬೀಜದ ಪೊಟ್ಟಣಗಳನ್ನು ಇಟ್ಟಿದ್ದಾರೆ. ಟ್ರೈಪಾಡಿನ ಒಂದು ಕಾಲಿಗೆ ಅಡಿಕೆ ಸಲಾಕೆ ಕಟ್ಟಿ ಬಲಪಡಿಸಿದ್ದೇನೆ.

ಪ್ರತಿ ತಿಂಗಳ ಮೊದಲ ಮೋಡದ ದಿನ ನಾವು ಕೆಳಗಿನ ತೋಟಕ್ಕೆ ಇಳಿಯುತ್ತೇವೆ. ಬೇಸಗೆಯಲ್ಲಿ ಮೋಡವಿಲ್ಲದಿದ್ದರೆ ಸೂರ್ಯೋದಯಕ್ಕೆ ಮುಂಚೆ. ಕಲ್ಲಿನ ಮೇಲೆ ಟ್ರೈಪಾಡಿನ ಮೂರು ಕಾಲಿಗೆ ಮೂರು ಸುಣ್ಣದ ಗುರುತು ಅಣ್ಣನೇ ಹಾಕಿದ್ದಾನೆ. ನಾನು ತೆಗೆದ ಪಟಗಳನ್ನು ಅವನು ಕಂಪ್ಯೂಟರಿನಲ್ಲಿ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ, ನನ್ನ ಹಳೆಯ ಲೆಡ್ಜರೊಂದರ ಖಾಲಿ ಪುಟಗಳಲ್ಲಿ ಸಾಲು, ಮರ, ತಿಂಗಳು ಎಂದು ಬರೆದಿಡುತ್ತಾನೆ. ಕೆಲವು ತಿಂಗಳು ಬರೆಯಲು ಏನೂ ಇರುವುದಿಲ್ಲ. ಅಂದು ಅವನ ಮಾತು ಸ್ವಲ್ಪ ಹೆಚ್ಚು.

ಕಳೆದ ಬಾರಿ ನಾನು ಲೆನ್ಸು ಬದಲಿಸುತ್ತ ತಡಮಾಡಿದೆ. ತಲೆಯೆತ್ತಿ ನೋಡುವಾಗ ಅಣ್ಣ ಆಗಲೇ ಕಲ್ಲಿನ ಮುಂದೆ ಹೋಗಿ, ಕಾಗದವನ್ನು ಎದೆಯ ಮುಂದೆ ಹಿಡಿದು ನಿಂತಿದ್ದ.

"ಬೇಗ ತೆಗಿ ಮಾರಾಯ, ಬೆಳಕು ಬದಲಾಗ್ತದೆ" ಎಂದ.